ಪ್ರಶ್ನೆ ಬುಕ್ಕು: ಶಿರಸಿಯಲ್ಲಿ ನಮ್ಮ ಗಣಿತದ ಶನಿವಾರಗಳು

ಶಿರಸಿಯ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಪಕ್ಕದ ಕೋಣೆಯೇ ಕಂಪ್ಯೂಟರ್ ಸೈನ್ಸ್ ವಿಭಾಗ. ಎರಡೂ ವಿಭಾಗ ಸೇರಿ ಶನಿವಾರ ಮಧ್ಯಾಹ್ನ ಒಂದು ಉಪನ್ಯಾಸ ಇಡುತ್ತೇವೆ. ಅದರ ಬೆನ್ನಿಗೇ ವಿದ್ಯಾರ್ಥಿಗಳ ಸಣ್ಣಪುಟ್ಟ ಸಂಶೋಧನೆಯೂ ನಡೆಯುತ್ತದೆ. ಬೇರೆ ಕಾಲೇಜಿನ ಗೆಳೆಯರು ಸಿಕ್ಕಾಗ ಮೊದಲು ಕೇಳುವುದು, ‘ದುಡ್ಡು ಎಲ್ಲಿಂದ ಬರ್ತದೆ ಮಾರಾಯ್ರೆ?’ ಅಂತ. ಆ ಮಾತು ಮೊದಲೇ ಮುಗಿಸಿಬಿಡುತ್ತೇನೆ. ಚಹಾ, ಒಂದಿಷ್ಟು ಅವಲಕ್ಕಿ, ಹೊರಗಿನಿಂದ ಬಂದವರಿಗೆ ಬಸ್ ಚಾರ್ಜು, ಒಂದು ಉದ್ದನೆಯ ರೂಲ್ಡ್ ನೋಟ್‌ಬುಕ್ಕು. ಅಷ್ಟೇ ಖರ್ಚು. ಆ ನೋಟ್‌ಬುಕ್ಕೇ ಇಡೀ ವ್ಯವಹಾರದ ಬಂಡವಾಳ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಶನಿವಾರವೇ ಯಾಕೆಂದರೆ ಅಂದು ಕ್ಲಾಸು ಬೇಗ ಮುಗಿಯುತ್ತವೆ. ನಮ್ಮ ಮಕ್ಕಳು ಸಿದ್ದಾಪುರ, ಯಲ್ಲಾಪುರ ಕಡೆಯಿಂದ, ಘಟ್ಟದ ಕೆಳಗಿನ ಕುಮಟಾ ಕಡೆಯಿಂದಲೂ ಬರುತ್ತಾರೆ. ಎಷ್ಟೋ ಜನರ ಊರಿಗೆ ಸಂಜೆಗೆ ಒಂದೇ ಬಸ್ಸು. ಅದು ತಪ್ಪಿದರೆ ಮನೆಯಿಂದ ಫೋನು ಬರುವುದು ನನಗೆ. ಹಾಗಾಗಿ ಉಪನ್ಯಾಸ ನಲವತ್ತು ನಿಮಿಷ, ಪ್ರಶ್ನೆಗೆ ಇಪ್ಪತ್ತು ನಿಮಿಷ, ಆಮೇಲೆ ಚಹಾ. ದೊಡ್ಡ ಪ್ರೊಫೆಸರೇ ಬಂದಿರಲಿ, ನಲವತ್ತನೇ ನಿಮಿಷಕ್ಕೆ ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ ಎದ್ದು ನಿಲ್ಲುತ್ತಾನೆ. ಈ ಏರ್ಪಾಡು ಬಂದವರಿಗೆ ಮೊದಲೇ ಹೇಳಿರುತ್ತೇವೆ. ಯಾರೂ ಬೇಜಾರು ಮಾಡಿಕೊಂಡಿಲ್ಲ.

ಪಿಪಿಟಿ ಇಲ್ಲ. ಬೋರ್ಡು, ಚಾಕ್‌ಪೀಸು ಮಾತ್ರ. ಪ್ರೋಗ್ರಾಮ್ ಓಡಿಸಿ ತೋರಿಸುವುದಿದ್ದರೆ ಮಾತ್ರ ಪ್ರೊಜೆಕ್ಟರ್. ಇದಕ್ಕೆ ಒಂದು ಕಾರಣ ಮಳೆಗಾಲ. ಜುಲೈ ತಿಂಗಳಲ್ಲಿ ಶಿರಸಿಯ ಕರೆಂಟ್ ನಂಬಿ ಯಾರನ್ನಾದರೂ ಧಾರವಾಡದಿಂದ ಕರೆಸುವ ಧೈರ್ಯ ನನಗಿಲ್ಲ. ಇನ್ನೊಂದು ಕಾರಣ ವೇಗ. ಸ್ಲೈಡಿನಲ್ಲಿ ಒಂದು ಪ್ರಮೇಯ ಒಂದು ಕ್ಲಿಕ್ಕಿಗೆ ಬಂದು ಕೂರುತ್ತದೆ. ಬೋರ್ಡಿನ ಮೇಲೆ ಸಾಲು ಸಾಲಾಗಿ ಬರಬೇಕು, ಕೇಳುವವರಿಗೆ ಉಸಿರಾಡಲು ಹೊತ್ತು ಸಿಗುತ್ತದೆ.

ಇನ್ನೊಂದು ನಿಯಮ ಇದೆ, ನನಗೆ ತುಂಬಾ ಇಷ್ಟದ್ದು. ಮೊದಲ ಪ್ರಶ್ನೆ ಮೊದಲ ವರ್ಷದವರದು. ಅವರು ಕೇಳುವ ತನಕ ನಾವು ಮಾಸ್ತರುಗಳು ಬಾಯಿ ಬಿಡುವಂತಿಲ್ಲ. ಶುರುವಿನಲ್ಲಿ ಭಯಂಕರ ಮೌನ ಇರುತ್ತಿತ್ತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುವುದು, ಫ್ಯಾನ್ ಸದ್ದು ಕೇಳುವುದು. ಆದರೂ ನಾವು ಮಾಸ್ತರುಗಳು ತುಟಿ ಬಿಚ್ಚಲಿಲ್ಲ. ಚಹಾ ತಣ್ಣಗಾಗುತ್ತಿದೆ ಎಂದು ಗೊತ್ತಾದಾಗ ಯಾರೋ ಒಬ್ಬರು ಏನೋ ಒಂದು ಕೇಳಿಯೇ ಕೇಳುತ್ತಾರೆ. ಹಾಗೆ ಬಂದ ಪ್ರಶ್ನೆಗಳಲ್ಲೇ ನಮ್ಮ ಅತ್ಯುತ್ತಮ ಕೆಲಸ ಹುಟ್ಟಿದೆ.

ಉಪನ್ಯಾಸಕ್ಕೆ ಯಾರು ಬರುತ್ತಾರೆ? ಧಾರವಾಡ ನಮಗೆ ಹತ್ತಿರ. 1949ರಿಂದ ಅಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಇದೆ, 2016ರಿಂದ ಐಐಟಿಯೂ ಇದೆ. ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಶಿರಸಿ. ಆದರೆ ನಮ್ಮ ದೊಡ್ಡ ಆಸ್ತಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಹಳೆ ವಿದ್ಯಾರ್ಥಿಗಳು. ದೀಪಾವಳಿಗೆ ಊರಿಗೆ ಬರುತ್ತಾರೆ. ವರ್ಷ ಬಿಟ್ಟು ವರ್ಷ ಮಾರಿಕಾಂಬಾ ಜಾತ್ರೆಗಂತೂ ಬಂದೇ ಬರುತ್ತಾರೆ. ಜಾತ್ರೆಗೆ ಬಂದವರನ್ನು ಹಿಡಿದು ಬೋರ್ಡಿನ ಮುಂದೆ ನಿಲ್ಲಿಸುವುದು ನನ್ನ ಕೆಲಸ. ‘ನೀವು ದಿನಾ ಮಾಡುವ ಕೆಲಸದಲ್ಲಿ ಒಂದು ಅಲ್ಗಾರಿದಮ್ ತೆಗೆದುಕೊಳ್ಳಿ, ಅದೊಂದನ್ನೇ ಹೇಳಿ’ ಎನ್ನುತ್ತೇನೆ. ‘ಎಐ ಯುಗದಲ್ಲಿ ಯುವಜನತೆ’ ಥರದ ತಲೆಬರಹ ಬಂದರೆ ನಯವಾಗಿ ಬೇಡ ಅನ್ನುತ್ತೇವೆ. ಅಂಥ ಭಾಷಣಕ್ಕೆ ಚಪ್ಪಾಳೆ ಜಾಸ್ತಿ, ಪ್ರಶ್ನೆ ಒಂದೂ ಬರುವುದಿಲ್ಲ. ಉಳಿದ ಅರ್ಧದಷ್ಟು ಉಪನ್ಯಾಸ ವಿದ್ಯಾರ್ಥಿಗಳದ್ದೇ.

ಮಕ್ಕಳಿಗೆ ಹುರುಪು ಹುಟ್ಟಿಸಲು ನಾನು ಪ್ರತಿ ವರ್ಷ ಹೇಳುವ ವಿಷಯ ಒಂದಿದೆ. ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ಬೇಗ, ಖಚಿತವಾಗಿ ಹೇಳುವ ವಿಧಾನ ಇದೆಯಾ ಎನ್ನುವುದು ಬಹಳ ಹಳೆಯ ಪ್ರಶ್ನೆ. 2002ರ ಆಗಸ್ಟಿನಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅಂಥ ವಿಧಾನ ಕೊಟ್ಟರು. ಕಯಾಲ್ ಮತ್ತು ಸಕ್ಸೇನಾ ಆಗಷ್ಟೇ ಬಿಟೆಕ್ ಮುಗಿಸಿದ್ದರು. ಬಿಟೆಕ್ ಪ್ರಾಜೆಕ್ಟಿನಿಂದಲೇ ಆ ದಾರಿ ಶುರುವಾಗಿತ್ತು. ಇದನ್ನು ಕೇಳಿದ ಮಕ್ಕಳ ಕಣ್ಣು ಅರಳುತ್ತದೆ. ಆದರೆ ಮರುದಿನವೇ ‘ಸರ್, ನಾವೂ ಅಂಥದ್ದೊಂದು ಮಾಡುವಾ’ ಎಂದು ಬಂದರೆ ನಾನು ಬ್ರೇಕ್ ಹಾಕುತ್ತೇನೆ. ಮೊದಲು ಕೈಗೆ ಎಟುಕುವ ಪ್ರಶ್ನೆ ಬೇಕು.

ಆ ಪ್ರಶ್ನೆ ಎಲ್ಲಿ ಸಿಗುತ್ತದೆ? ನೋಟ್‌ಬುಕ್ಕಿನಲ್ಲಿ. ನಾವು ಅದನ್ನು ಪ್ರಶ್ನೆ ಬುಕ್ಕು ಅನ್ನುತ್ತೇವೆ. ಉಪನ್ಯಾಸ ಮುಗಿದ ಮೇಲೆ ಉತ್ತರ ಸಿಗದೆ ಉಳಿದ ಪ್ರಶ್ನೆಯನ್ನೆಲ್ಲ ಅದರಲ್ಲಿ ಬರೆಯಬೇಕು. ಕೇಳಿದವರ ಹೆಸರು, ತಾರೀಕು, ಪ್ರಶ್ನೆ. ಪೆದ್ದು ಪ್ರಶ್ನೆ ಎಂದು ಯಾರೂ ಹೊಡೆದು ಹಾಕುವಂತಿಲ್ಲ. ಸೆಮಿಸ್ಟರ್ ಮುಗಿಯುವಾಗ ನಾನೂ ಕಂಪ್ಯೂಟರ್ ಸೈನ್ಸಿನ ಮೇಡಮ್ಮೂ ಕೂತು ಅದನ್ನು ಓದುತ್ತೇವೆ. ಪುಸ್ತಕ ತೆರೆದರೆ ಉತ್ತರ ಸಿಗುವಂಥವನ್ನು ಕೇಳಿದವರಿಗೇ ಹುಡುಕಲು ಕೊಡುತ್ತೇವೆ. ಜಗತ್ತಿನಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲದವನ್ನು ಸದ್ಯಕ್ಕೆ ಬದಿಗಿಡುತ್ತೇವೆ. ಉದಾಹರಣೆಗೆ ಕೊಲಾಟ್ಜ್ ಊಹೆ. ಸಮ ಸಂಖ್ಯೆ ಆದರೆ ಅರ್ಧ ಮಾಡು, ಬೆಸ ಆದರೆ ಮೂರು ಪಟ್ಟು ಮಾಡಿ ಒಂದು ಕೂಡಿಸು, ಕೊನೆಗೆ ಒಂದಕ್ಕೆ ಬರುತ್ತದೆಯೇ? 27ರಿಂದ ಹೊರಟರೆ 9232ರ ತನಕ ಏರಿ, 111 ಹೆಜ್ಜೆ ನಡೆದು ಒಂದಕ್ಕೆ ಇಳಿಯುತ್ತದೆ. ಪ್ರೋಗ್ರಾಮ್ ಬರೆಯಲು ಚೆಂದ. ಆದರೆ 1937ರಿಂದ ಬಗೆಹರಿಯದ ಪ್ರಶ್ನೆಯನ್ನು ಬಿಎಸ್ಸಿ ಹುಡುಗನ ತಲೆಗೆ ಕಟ್ಟಿದರೆ ಅವನು ಆರು ತಿಂಗಳು ಸುಮ್ನೆ ತಿರುಗುತ್ತಾನೆ. ನಮಗೆ ಬೇಕಾದ್ದು ಇವೆರಡರ ನಡುವಿನವು.

ಒಂದು ಪ್ರಶ್ನೆಯ ಪೂರ್ತಿ ಜಾತಕ ಹೇಳುತ್ತೇನೆ. ಎರಡನೇ ವರ್ಷದ ಒಬ್ಬ ಹುಡುಗ ಕಾಪ್ರೇಕರ್ ಬಗ್ಗೆ ಮಾತಾಡಿದ. ಡಿ. ಆರ್. ಕಾಪ್ರೇಕರ್ ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದವರು. 1949ರಲ್ಲಿ 6174ರ ಆಟ ಕಂಡುಹಿಡಿದರು. ನಾಲ್ಕು ಅಂಕಿಯ ಯಾವುದಾದರೂ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು ಅಷ್ಟೇ. ಅಂಕಿಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ, ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಿರಿ. ಬಂದದ್ದರಲ್ಲಿ ಅಂಕಿ ಕಡಿಮೆ ಇದ್ದರೆ ಮುಂದೆ ಸೊನ್ನೆ ಹಾಕಿಕೊಂಡು ಮತ್ತೆ ಹಾಗೇ ಮಾಡಿ. ಹುಡುಗ ಬೋರ್ಡಿನ ಮೇಲೆ 1947 ಬರೆದ. 9741ರಲ್ಲಿ 1479 ಕಳೆದರೆ 8262. ಆಮೇಲೆ 6354, 3087, 8352, ಕೊನೆಗೆ 6174. ಅಲ್ಲಿಂದ ಮುಂದೆ ಹೋಗುವುದೇ ಇಲ್ಲ. ಯಾವ ಸಂಖ್ಯೆಯಿಂದ ಶುರು ಮಾಡಿದರೂ ಏಳು ಹೆಜ್ಜೆ ದಾಟುವುದಿಲ್ಲ. ಮೂರು ಅಂಕಿಗೆ ಇದೇ ಆಟ ಆಡಿದರೆ 495ಕ್ಕೆ ನಿಲ್ಲುತ್ತದೆ.

ಮೌನ. ಫ್ಯಾನ್ ಸದ್ದು. ಆಮೇಲೆ ಮೊದಲ ವರ್ಷದ ಬಿಸಿಎ ಹುಡುಗಿಯೊಬ್ಬಳು ಕೇಳಿದಳು, ‘ಬೇಸ್ ಎಂಟರಲ್ಲಿ ಎಲ್ಲಿ ನಿಲ್ತದೆ?’ ಅವಳಿಗೆ ಆ ವಾರವಷ್ಟೇ ಕ್ಲಾಸಿನಲ್ಲಿ ಆಕ್ಟಲ್, ಅಂದರೆ 0ಯಿಂದ 7ರ ತನಕದ ಎಂಟೇ ಅಂಕಿಯಲ್ಲಿ ಬರೆಯುವ ಸಂಖ್ಯೆ ಆಗಿತ್ತು. ಮಾತಾಡುತ್ತಿದ್ದವನಿಗೆ ಗೊತ್ತಿರಲಿಲ್ಲ. ಬುಕ್ಕಿಗೆ ಹೋಯಿತು.

ಆ ಹುಡುಗಿ ಮತ್ತು ಗಣಿತದ ಆ ಹುಡುಗ ಇಬ್ಬರಿಗೂ ಸೇರಿಸಿ ಅದನ್ನೇ ಕೊಟ್ಟೆವು. ಮೂರು ಅಂಕಿ ಸಾಕು, ಬೇಸ್ ಮಾತ್ರ ಬದಲಾಯಿಸಿ ಎಂದೆವು. ಅವಳು ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆದಳು, ಅವನು ಬಂದ ಉತ್ತರ ಪಟ್ಟಿ ಮಾಡಿದ. ಬೇಸ್ 8ರಲ್ಲಿ 374. ಬೇಸ್ 4, 6, 10ರಲ್ಲೂ ಒಂದು ಕಡೆ ನಿಲ್ಲುತ್ತದೆ. ಬೇಸ್ 9ರಲ್ಲಿ ನಿಲ್ಲುವುದೇ ಇಲ್ಲ. 385ರಿಂದ 484ಕ್ಕೆ, 484ರಿಂದ ಮತ್ತೆ 385ಕ್ಕೆ ಉಯ್ಯಾಲೆ ಆಡುತ್ತದೆ. ಬೇಸ್ 3, 5, 7ರಲ್ಲೂ ಇದೇ ಕಥೆ. ‘ಸರ್, ಸಮ ಬೇಸ್ ಆದ್ರೆ ನಿಲ್ತದೆ, ಬೆಸ ಆದ್ರೆ ಕುಣಿತದೆ’ ಎಂದು ಓಡಿಬಂದರು.

ಇಂಥ ಹೊತ್ತಿನಲ್ಲಿ ಮಾಸ್ತರು ಮಾಡಬೇಕಾದ್ದು ಒಂದೇ ಕೆಲಸ. ಲ್ಯಾಪ್‌ಟಾಪ್ ಮುಚ್ಚಿಸಿ, ‘ಯಾಕೆ?’ ಎಂದು ಕೇಳುವುದು. ಬೇಸ್ ಸಾವಿರದ ತನಕ ಓಡಿಸಿದ್ದೇವೆ ಎಂದರೆ ಅದು ಸಾಕ್ಷಿ ಮಾತ್ರ, ಸಾಧನೆ (ಪ್ರೂಫ್) ಅಲ್ಲ.

ಯಾಕೆ ಎನ್ನುವುದು ಅವರಿಗೆ ಸಿಕ್ಕಿದ್ದು ಹೀಗೆ. ಮೂರು ಅಂಕಿಗಳಲ್ಲಿ ದೊಡ್ಡದಕ್ಕೂ ಸಣ್ಣದಕ್ಕೂ ಇರುವ ವ್ಯತ್ಯಾಸ ಮಾತ್ರ ನೋಡಿ, ನಡುವಿನ ಅಂಕಿ ಕಳೆಯುವಾಗ ಹೊಡೆದುಹೋಗುತ್ತದೆ. ವ್ಯತ್ಯಾಸ ಡಿ, ಬೇಸ್ ಬಿ ಎಂದಿಟ್ಟುಕೊಳ್ಳಿ. ಕಳೆದಾಗ ಬರುವ ಅಂಕಿಗಳು ಡಿಗಿಂತ ಒಂದು ಕಡಿಮೆ, ಬಿಗಿಂತ ಒಂದು ಕಡಿಮೆ, ಬಿಯಲ್ಲಿ ಡಿ ಕಳೆದದ್ದು. 495ರಲ್ಲಿ 4, 9, 5 ಹಾಗೇ ಬಂದದ್ದು, ಅಲ್ಲಿ ಡಿ ಐದು. ಹಾಗಾದರೆ ಹೊಸ ವ್ಯತ್ಯಾಸ ಎಷ್ಟು? ‘ಡಿಯಲ್ಲಿ ಒಂದು ಕಳೆದದ್ದು’ ಮತ್ತು ‘ಬಿಯಲ್ಲಿ ಡಿ ಕಳೆದದ್ದು’, ಇವೆರಡರಲ್ಲಿ ದೊಡ್ಡದು. ಇಷ್ಟು ಕೈಗೆ ಸಿಕ್ಕಿದರೆ ಮುಗಿಯಿತು. ಬೇಸ್ 10ರಲ್ಲಿ ವ್ಯತ್ಯಾಸ 9 ಇದ್ದರೆ 8, 7, 6, 5 ಎಂದು ಒಂದೊಂದೇ ಮೆಟ್ಟಿಲು ಇಳಿದು 5ರಲ್ಲಿ ಕೂರುತ್ತದೆ. ಬೇಸ್ 9ರಲ್ಲಿ ಸರಿಯಾಗಿ ನಡು ಇಲ್ಲ, 4 ಮತ್ತು 5ರ ನಡುವೆ ಓಲಾಡುತ್ತದೆ. ಮೂರು ಅಂಕಿಗೆ ಆರು ಹೆಜ್ಜೆಗಿಂತ ಜಾಸ್ತಿ ಯಾಕೆ ಬೇಡ ಎನ್ನುವುದೂ ಇದರಲ್ಲೇ ಸಿಗುತ್ತದೆ. 100ರಿಂದ ಹೊರಟು ನೋಡಿ, ಸರಿಯಾಗಿ ಆರು.

ಇದು ಹೊಸ ಗಣಿತವಾ? ಅಲ್ಲ. ಹುಡುಕಿದರೆ ಮೊದಲೇ ಕಂಡವರು ಇದ್ದಾರೆ. ಅದನ್ನು ಮಕ್ಕಳಿಗೆ ಯಾವಾಗ ಹೇಳಬೇಕು ಎನ್ನುವುದರಲ್ಲಿ ನನ್ನದೊಂದು ಹಟ ಇದೆ. ಸಾಧನೆ ಬೋರ್ಡಿನ ಮೇಲೆ ಬಂದ ಮೇಲೆ ಹೇಳುತ್ತೇನೆ, ಮೊದಲು ಹೇಳುವುದಿಲ್ಲ. ಆಮೇಲೆ ಅವರೇ ಹುಡುಕಬೇಕು. ಸಂಖ್ಯೆಗಳ ಸಾಲು ಸಿಕ್ಕಿದರೆ ನೀಲ್ ಸ್ಲೋನ್ 1964ರಲ್ಲಿ ಕೂಡಿಡಲು ಶುರು ಮಾಡಿದ ಶ್ರೇಣಿಗಳ ಕೋಶ ಇಂಟರ್‌ನೆಟ್ಟಿನಲ್ಲಿದೆ, ಮೊದಲ ಐದಾರು ಸಂಖ್ಯೆ ಹಾಕಿದರೆ ಸಾಕು. ತಾವು ಕಂಡದ್ದನ್ನು ಬೇರೆ ಯಾರೋ ದೂರದಲ್ಲಿ ಕೂತು ಬೇರೆ ದಾರಿಯಲ್ಲಿ ಕಂಡಿದ್ದಾರೆ ಎಂದು ಓದುವುದು ಒಳ್ಳೆಯ ಪಾಠ. ಆ ಹುಡುಗಿಗೆ ಒಂದು ದಿನ ಸಪ್ಪೆ ಮುಖ ಇತ್ತು, ನಿಜ. ಮರುದಿನ ಐದು ಅಂಕಿ ಹಿಡಿದುಕೊಂಡು ಬಂದಳು. ಬೇಸ್ 10ರಲ್ಲೇ ಐದು ಅಂಕಿಗೆ ನಿಲ್ಲುವ ಜಾಗ ಒಂದೂ ಇಲ್ಲ, ಬರೀ ಮೂರು ಚಕ್ರಗಳು.

ಬುಕ್ಕಿನಿಂದ ಎದ್ದು ಬಂದ ಇನ್ನೊಂದು ಕೆಲಸ ಇನ್ನೂ ನಡೆಯುತ್ತಲೇ ಇದೆ. ನನಗೆ ಅದೇ ಹೆಚ್ಚು ಪ್ರೀತಿಯದ್ದು, ಅದನ್ನೇ ವಿವರವಾಗಿ ಹೇಳುತ್ತೇನೆ.

ಒಂದು ಶನಿವಾರ ನಾನೇ ಫಿಬೊನಾಚಿ ಸಂಖ್ಯೆಗಳ ಬಗ್ಗೆ ಮಾತಾಡುತ್ತಿದ್ದೆ. ಇಟಲಿಯ ಫಿಬೊನಾಚಿ 1202ರಲ್ಲಿ ಮೊಲದ ಲೆಕ್ಕ ಬರೆಯುವುದಕ್ಕೆ ಎಷ್ಟೋ ಮೊದಲು ನಮ್ಮ ಛಂದಸ್ಸಿನವರಿಗೆ ಈ ಸಂಖ್ಯೆಗಳು ಗೊತ್ತಿದ್ದವು. ವಿರಹಾಂಕ ಹೇಳಿದ್ದ, ಹನ್ನೆರಡನೇ ಶತಮಾನದಲ್ಲಿ ಹೇಮಚಂದ್ರ ಹೇಳಿದ್ದ. ಲಘು ಒಂದು ಮಾತ್ರೆ, ಗುರು ಎರಡು ಮಾತ್ರೆ. ಮೂರು ಮಾತ್ರೆಯನ್ನು ಮೂರು ಥರ ತುಂಬಬಹುದು, ನಾಲ್ಕನ್ನು ಐದು ಥರ, ಐದನ್ನು ಎಂಟು ಥರ. ಕೊನೆಯ ಅಕ್ಷರ ಲಘುವಾದರೆ ಅದರ ಹಿಂದೆ ಒಂದು ಮಾತ್ರೆ ಕಡಿಮೆ ಇರುವ ಸಾಲು, ಗುರುವಾದರೆ ಎರಡು ಕಡಿಮೆ. ಹಾಗಾಗಿ ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು. ಹದಿನಾಲ್ಕು ಮಾತ್ರೆಗೆ 610.

ಹದಿನಾಲ್ಕು ಎಂದ ಕೂಡಲೇ ಹಿಂದಿನ ಬೆಂಚಿನಲ್ಲಿ ಗುಸುಗುಸು. ನಮ್ಮ ಕಡೆ ಯಕ್ಷಗಾನದ ಹುಚ್ಚು ಇಲ್ಲದ ಮನೆ ಕಡಿಮೆ. ಮೊದಲ ವರ್ಷದ ಒಬ್ಬ ಹುಡುಗ ಎದ್ದ. ‘ಭಾಮಿನಿ ಷಟ್ಪದಿಯ ಸಾಲೂ ಹದಿನಾಲ್ಕೇ ಮಾತ್ರೆ ಸರ್. ಅದರಲ್ಲೂ 610 ಥರ ಬರ್ತದಾ?’

ಬರುವುದಿಲ್ಲ. ಭಾಮಿನಿಯ ಒಂದು, ಎರಡು, ನಾಲ್ಕು, ಐದನೇ ಸಾಲು ಮೂರು, ನಾಲ್ಕು, ಮೂರು, ನಾಲ್ಕು ಎಂದು ಗಣ ಗಣವಾಗಿ ಒಡೆಯಬೇಕು. ಒಂದು ಗುರು ಎರಡು ಗಣದ ಮೇಲೆ ಕಾಲು ಚಾಚುವಂತಿಲ್ಲ. ಹಾಗಾಗಿ ಮೂರು ಗುಣಿಸು ಐದು ಗುಣಿಸು ಮೂರು ಗುಣಿಸು ಐದು, ಒಟ್ಟು 225. ನಾನು ಬೋರ್ಡಿನ ಮೇಲೆ 225 ಬರೆದು ತಿರುಗಿದೆ. ಅಂದು ಚಹಾದ ಆಸೆಗೆ ಕನ್ನಡ ವಿಭಾಗದ ಹಿರಿಯ ಮಾಸ್ತರರೂ ಬಂದು ಕೂತಿದ್ದರು. ಮೊದಲ ವರ್ಷದವರ ಪ್ರಶ್ನೆ ಆಗಿತ್ತಲ್ಲ, ಇನ್ನು ಅವರಿಗೆ ಮಾತಾಡಲು ಅಡ್ಡಿ ಇರಲಿಲ್ಲ. ನನ್ನನ್ನು ಬಿಟ್ಟು ಹುಡುಗನನ್ನೇ ಕೇಳಿದರು, ‘ತಮಾ, ಲಘು ಆದ ಮೇಲೆ ಗುರು ಬಂದು ಗಣ ಶುರುವಾಗ್ತದೇನೋ? ಹಾಡಿ ನೋಡು, ಗಂಟಲಿಗೆ ಸಿಕ್ಕಿಕೊಳ್ತದೆ.’

ಮಾತ್ರಾಗಣದಲ್ಲಿ ಲಘು-ಗುರು ಎಂದು ಶುರು ಮಾಡಬಾರದು ಎನ್ನುವುದು ಛಂದಸ್ಸಿನ ನಿಯಮ. ಅದನ್ನು ಹಾಕಿದರೆ ಮೂರು ಮಾತ್ರೆಗೆ ಉಳಿಯುವುದು ಎರಡೇ ರೂಪ, ನಾಲ್ಕು ಮಾತ್ರೆಗೆ ನಾಲ್ಕು. 225 ಇದ್ದದ್ದು 64ಕ್ಕೆ ಇಳಿಯಿತು. ಇಲ್ಲಿ ಕಂಪ್ಯೂಟರ್ ಸೈನ್ಸಿನ ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. ಎರಡು ರೂಪ ಎಂದರೆ ಒಂದು ಬಿಟ್ (ಸೊನ್ನೆ ಅಥವಾ ಒಂದು), ನಾಲ್ಕು ರೂಪ ಎಂದರೆ ಎರಡು ಬಿಟ್! ಏಳು ಮಾತ್ರೆಗೆ ಮೂರು ಬಿಟ್. ಇಡೀ ಪದ್ಯದಲ್ಲಿ ಏಳು ಮಾತ್ರೆಯ ತುಂಡು ಹದಿನಾಲ್ಕು ಬರುತ್ತವೆ, ನಾಲ್ಕು ಸಾಲಿನಲ್ಲಿ ಎರಡೆರಡು, ಮೂರನೇ ಮತ್ತು ಆರನೇ ಸಾಲಿನಲ್ಲಿ ಮೂರು ಮೂರು. ಆ ಎರಡು ಸಾಲಿನ ಕೊನೆಯಲ್ಲಿ ಬರುವ ಗುರು ಖಾಯಂ, ಅದಕ್ಕೆ ಲೆಕ್ಕ ಬೇಡ. ಅಂದರೆ ಭಾಮಿನಿ ಷಟ್ಪದಿಯ ಒಂದು ಪದ್ಯದ ಲಘು-ಗುರು ವಿನ್ಯಾಸ ಸರಿಯಾಗಿ 42 ಬಿಟ್‌ನಲ್ಲಿ ಕೂರುತ್ತದೆ. ಒಟ್ಟು ಸಾಧ್ಯತೆ ಸುಮಾರು 4.4 ಲಕ್ಷ ಕೋಟಿ. ಆವತ್ತು ಬಸ್ಸಿನ ಹೊತ್ತಾದರೂ ಯಾರೂ ಏಳಲಿಲ್ಲ. ಕೊನೆಗೆ ನಾನೇ ಓಡಿಸಬೇಕಾಯಿತು.

ಅಲ್ಲಿಂದ ಹುಟ್ಟಿದ ಪ್ರಾಜೆಕ್ಟು ಪ್ರಸ್ತಾರ ಹಾಕುವ ಪ್ರೋಗ್ರಾಮ್. ಕನ್ನಡದ ಸಾಲು ಕೊಟ್ಟರೆ ಲಘು ಗುರು ಗುರುತಿಸಿ, ಗಣ ಒಡೆದು, ಭಾಮಿನಿ ಹೌದೋ ಅಲ್ಲವೋ ಹೇಳಬೇಕು. ಕೇಳಲು ಸುಲಭ. ಹೈಸ್ಕೂಲಿನಲ್ಲಿ ಎಲ್ಲರೂ ಮಾಡಿದ್ದೇ. ಆದರೆ ಪೈಥಾನ್‌ಗೆ ‘ಶಿರಸಿ’ ಎಷ್ಟು ಉದ್ದ ಎಂದು ಕೇಳಿದರೆ 5 ಅನ್ನುತ್ತದೆ. ಕುಮಟಾಕ್ಕೂ 5, ಭಟ್ಕಳಕ್ಕೂ 5. ನಮ್ಮ ಕಣ್ಣಿಗೆ ಎಲ್ಲವೂ ಮೂರಕ್ಷರ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡಿನಲ್ಲಿ ಶ ಬೇರೆ, ಅದಕ್ಕೆ ಕೊಟ್ಟ ಗುಡಿಸು ಬೇರೆ. ಭಟ್ಕಳದ ಒತ್ತಕ್ಷರದಲ್ಲಿ ಟ, ಅರ್ಧಾಕ್ಷರದ ಚಿಹ್ನೆ, ಕ ಮೂರೂ ಬೇರೆ ಬೇರೆ. ಹಾಗಾಗಿ ಮೊದಲ ಕೆಲಸ ಕೋಡನ್ನು ಅಕ್ಷರ ಅಕ್ಷರವಾಗಿ ಕಟ್ಟುವುದು. ಆಮೇಲೆ ದೀರ್ಘ ಸ್ವರ ಇದ್ದರೆ ಗುರು, ಅನುಸ್ವಾರ ವಿಸರ್ಗ ಇದ್ದರೆ ಗುರು, ಮುಂದಿನ ಅಕ್ಷರ ಒತ್ತಕ್ಷರ ಆಗಿದ್ದರೆ ಹಿಂದಿನದು ಗುರು. ಅಂದರೆ ಪ್ರೋಗ್ರಾಮ್ ಯಾವಾಗಲೂ ಒಂದು ಅಕ್ಷರ ಮುಂದೆ ಕಣ್ಣಿಟ್ಟಿರಬೇಕು.

ಪರೀಕ್ಷೆಗೆ ಜಿಲ್ಲೆಯ ತಾಲ್ಲೂಕುಗಳ ಹೆಸರು ಕೊಟ್ಟೆವು. ಕಾರವಾರ ಆರು ಮಾತ್ರೆ, ಅಂಕೋಲೆ ಐದು, ಸಿದ್ದಾಪುರ ಆರು. ಕುಮಟಾದ ಒಬ್ಬಳು ಬಸ್ ಕಂಡಕ್ಟರನ ಧಾಟಿಯಲ್ಲಿ ಬೋರ್ಡಿನ ಮೇಲೆ ಬರೆದಳು: ‘ಶಿರಸಿ ಕುಮಟಾ ಮುಗಿಸಿ ಭಟ್ಕಳ’. ಮೂರು, ನಾಲ್ಕು, ಮೂರು, ನಾಲ್ಕು. ಪಕ್ಕಾ ಭಾಮಿನಿ ಸಾಲು! ಪ್ರೋಗ್ರಾಮೂ ಒಪ್ಪಿಕೊಂಡಿತು.

ಅತಿ ಹೆಚ್ಚು ಹೊತ್ತು ತಿಂದದ್ದು ಗಣಿತ ಅಲ್ಲ, ಫೈಲು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಆಮೇಲೆ ಯುನಿಕೋಡಿಗೆ ಬದಲಿಸಿದ ಪಠ್ಯ ಕೊಟ್ಟರೆ ಲೆಕ್ಕ ತಪ್ಪುತ್ತಿತ್ತು. ತೆರೆಯ ಮೇಲೆ ಎಲ್ಲ ಸರಿ ಕಾಣುತ್ತದೆ, ‘ಕೇ’ ಎಂದೇ ಇದೆ, ಪ್ರೋಗ್ರಾಮ್ ಮಾತ್ರ ಲಘು ಅನ್ನುತ್ತದೆ. ‘ೇ’ ಒಂದೇ ಸಂಕೇತವಾಗಿಯೂ ಇರಬಹುದು, ‘ೆ’ ಮತ್ತು ದೀರ್ಘದ ಚಿಹ್ನೆ ಎಂದು ಎರಡು ತುಂಡಾಗಿಯೂ ಇರಬಹುದು. ‘ೋ’ ಆದರೆ ಮೂರು ತುಂಡು. ಯುನಿಕೋಡಿನ ನಾರ್ಮಲೈಸೇಶನ್ ಎನ್ನುವ ಒಂದು ಸಾಲು ಮೊದಲೇ ಹಾಕಿದರೆ ತುಂಡುಗಳೆಲ್ಲ ಕೂಡಿ ಒಂದಾಗುತ್ತವೆ. ಕನ್ನಡದ ಮೇಲೆ ಏನೇ ಪ್ರೋಗ್ರಾಮ್ ಬರೆಯುವವರು ಇದೊಂದನ್ನು ಗೋಡೆಗೆ ಅಂಟಿಸಿಟ್ಟುಕೊಳ್ಳಿ.

ಕರಾವಳಿಯ ಒಂದು ಕೆಲಸವನ್ನೂ ಹೇಳದೆ ಹೋದರೆ ಘಟ್ಟದ ಕೆಳಗಿನವರು ಸಿಟ್ಟಾದಾರು. ಅಘನಾಶಿನಿ ಅಳಿವೆಯ ಹತ್ತಿರದ ಹುಡುಗನೊಬ್ಬ, ಮನೆಯವರು ಗಜನಿ (ಉಪ್ಪುನೀರು ಹತ್ತುವ) ಗದ್ದೆಯವರು, ಒಂದು ಪ್ರಶ್ನೆ ಬರೆದಿದ್ದ. ‘ಅಜ್ಜ ತಿಥಿ ಕೇಳಿ ಉಬ್ಬರದ ಹೊತ್ತು ಹೇಳ್ತಾನೆ. ಸೂತ್ರ ಏನು?’ ದಿನಕ್ಕೆ ಐವತ್ತು ನಿಮಿಷದಷ್ಟು ತಡ, ಹುಣ್ಣಿಮೆ ಅಮಾವಾಸ್ಯೆಗೆ ಜೋರು, ಇದು ಅಜ್ಜನ ಸೂತ್ರ. ಗಣಿತದಲ್ಲಿ ಚಂದ್ರನ ಅಲೆ 12.42 ಗಂಟೆಯದ್ದು, ಸೂರ್ಯನ ಅಲೆ 12 ಗಂಟೆಯದ್ದು. ಎರಡೂ ಒಂದರ ಮೇಲೊಂದು ಬಿದ್ದರೆ 14.77 ದಿನಕ್ಕೊಮ್ಮೆ ಜೋರಾಗುತ್ತದೆ. ಅಜ್ಜನ ಪಕ್ಷದ ಲೆಕ್ಕವೇ. ಹುಡುಗ ರಜೆಯಲ್ಲಿ ಗುರುತು ಹಾಕಿದ ಬಿದಿರಿನ ಗಳ ನೆಟ್ಟು ತಮ್ಮನ ಜೊತೆ ನೀರಿನ ಮಟ್ಟ ಬರೆದುಕೊಂಡ. ರಾತ್ರಿ ನಿದ್ದೆ ಮಾಡಿದ ಕಡೆ ಖಾಲಿ. ತಪ್ಪುಗಳ ವರ್ಗಗಳ ಮೊತ್ತ ಅತಿ ಕಡಿಮೆ ಆಗುವಂತೆ ಅಲೆ ಕೂರಿಸುವ ಲೀಸ್ಟ್ ಸ್ಕ್ವೇರ್ಸ್ ವಿಧಾನದ ದೊಡ್ಡ ಉಪಕಾರ ಇಲ್ಲಿ ಗೊತ್ತಾಗುವುದು. ನಡುನಡುವೆ ಅಳತೆ ಬಿಟ್ಟುಹೋದರೂ ಅದಕ್ಕೆ ಬೇಜಾರಿಲ್ಲ, ಇದ್ದದ್ದರಲ್ಲೇ ಅಲೆ ಹೊಂದಿಸುತ್ತದೆ. ಆದರೆ ಎರಡು ದಿನ ಅಳೆದರೆ ಸಾಲದು. 12 ಮತ್ತು 12.42 ಬೇರೆ ಬೇರೆ ಎಂದು ಗುರುತಾಗಲು ಹದಿನೈದು ದಿನವಾದರೂ ಬೇಕು. ಒಂದೇ ದಿನದ ಎರಡು ಉಬ್ಬರ ಸಮ ಇಲ್ಲ ಎಂದು ಅವನೇ ಕಂಡ. ಅದಕ್ಕೆ ಸುಮಾರು 24 ಮತ್ತು 26 ಗಂಟೆಯ ಇನ್ನೆರಡು ಅಲೆ ಸೇರಿಸಬೇಕಾಯಿತು. ಅಜ್ಜ ಗ್ರಾಫ್ ನೋಡಿ, ‘ಇದಕ್ಕೆ ಕಾಲೇಜಿಗೆ ಹೋಗಬೇಕಿತ್ತಾ?’ ಎಂದರಂತೆ.

ವಿದ್ಯಾರ್ಥಿಗಳ ಉಪನ್ಯಾಸ ತಯಾರಿ ಬಗ್ಗೆ ಎರಡು ಮಾತು. ಹಿಂದಿನ ದಿನ ಖಾಲಿ ಕ್ಲಾಸಿನಲ್ಲಿ ಒಮ್ಮೆ ಮಾಡಿಸುತ್ತೇನೆ, ನಾನು ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ‘ಗಣಿತ ವಿಜ್ಞಾನಗಳ ರಾಣಿ’ ಎಂದು ಶುರು ಮಾಡಿದರೆ ಅಲ್ಲೇ ನಿಲ್ಲಿಸುತ್ತೇನೆ. ಮೊದಲ ಸಾಲಿನಲ್ಲೇ ಪ್ರಶ್ನೆ ಬರಬೇಕು, ಎರಡನೇ ಸಾಲಿನಲ್ಲಿ ಉದಾಹರಣೆ. ವರದಿಯನ್ನು ಮೊದಲು ಕನ್ನಡದಲ್ಲಿ ಬರೆಸುತ್ತೇನೆ, ಆಮೇಲೆ ಬೇಕಾದರೆ ಇಂಗ್ಲಿಷಿನಲ್ಲಿ. ಇಂಗ್ಲಿಷಿನಲ್ಲೇ ಶುರು ಮಾಡಿದರೆ ಎಲ್ಲಿಂದಲೋ ಎತ್ತಿದ ವಾಕ್ಯ ಬಂದು ಕೂರುತ್ತದೆ. ಕನ್ನಡದಲ್ಲಿ ಬರೆಯುವಾಗ ತಿಳಿಯದೆ ಇದ್ದದ್ದು ಅಲ್ಲೇ ಬಯಲಾಗುತ್ತದೆ. ಎಐ ಹತ್ತಿರ ಬರೆಸಿಕೊಂಡು ಬಂದವರಿಗೂ ಇದೇ ಮದ್ದು. ಬೈಯುವುದಿಲ್ಲ, ಚಾಕ್‌ಪೀಸು ಕೊಡುತ್ತೇನೆ. ಮೂರನೇ ಸಾಲಿಗೇ ಗೊತ್ತಾಗುತ್ತದೆ.

ಅಂಕಕ್ಕೆ ಇದನ್ನು ಕಟ್ಟಿಲ್ಲ. 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಿರುಗಿತು. ಸಿಲೆಬಸ್ಸಿನಲ್ಲಿ ಪ್ರಾಜೆಕ್ಟು ಇವತ್ತು ಇರುತ್ತದೆ, ನಾಳೆ ಇರುವುದಿಲ್ಲ. ಅದನ್ನು ನೆಚ್ಚಿಕೊಂಡರೆ ಶನಿವಾರ ನಡೆಯುವುದಿಲ್ಲ. ಪೇಪರ್ ಪ್ರಕಟಿಸುವ ಆಸೆಯನ್ನೂ ಹಚ್ಚುವುದಿಲ್ಲ. ದುಡ್ಡು ಕಟ್ಟಿದರೆ ವಾರದಲ್ಲಿ ಅಚ್ಚು ಹಾಕುವ ಜರ್ನಲ್ಲುಗಳ ಮೇಲ್ ಮಕ್ಕಳಿಗೇ ನೇರವಾಗಿ ಬರುತ್ತವೆ. ಒಂದು ರೂಪಾಯಿಯೂ ಕಳಿಸಬೇಡಿ ಎಂದು ವರ್ಷದ ಶುರುವಿನಲ್ಲೇ ಹೇಳಿಬಿಡುತ್ತೇವೆ. ಅದರ ಬದಲು ಮಾಧವ ಗಣಿತ ಸ್ಪರ್ಧೆ ಬರೆಸುತ್ತೇವೆ, 1993ರಿಂದ ನಡೆಯುತ್ತಿರುವ ಎಂಟಿಟಿಎಸ್ (ಮ್ಯಾಥಮ್ಯಾಟಿಕ್ಸ್ ಟ್ರೈನಿಂಗ್ ಅಂಡ್ ಟ್ಯಾಲೆಂಟ್ ಸರ್ಚ್) ಬೇಸಿಗೆ ಶಿಬಿರಕ್ಕೆ, ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಬೇಸಿಗೆ ಫೆಲೋಶಿಪ್ಪಿಗೆ ಅರ್ಜಿ ಹಾಕಿಸುತ್ತೇವೆ. ತಾನೇ ಮಾಡಿದ ಕೆಲಸದ ನಾಲ್ಕು ಪುಟ ಕೈಯಲ್ಲಿದ್ದರೆ ಅರ್ಜಿ ಬರೆಯುವುದು ಕಷ್ಟವೇ ಅಲ್ಲ.

ಪ್ರಸ್ತಾರದ ಪ್ರೋಗ್ರಾಮ್ ಈಗ ಶಿಥಿಲದ್ವಿತ್ವದ ಹತ್ತಿರ ಬಂದು ನಿಂತಿದೆ. ಹಳೆಯ ಪದ್ಯಗಳಲ್ಲಿ ಕೆಲವು ಒತ್ತಕ್ಷರಗಳನ್ನು ತೇಲಿಸಿ ಹೇಳುತ್ತಾರೆ, ಆಗ ಹಿಂದಿನ ಅಕ್ಷರ ಗುರು ಆಗದೆ ಲಘುವಾಗಿಯೇ ಉಳಿಯುತ್ತದೆ. ಬರವಣಿಗೆ ನೋಡಿದರೆ ಇದು ಗೊತ್ತಾಗುವುದಿಲ್ಲ. ಅನುಮಾನದ ಅಕ್ಷರ ಹತ್ತು ಇದ್ದರೆ 1024 ಥರ ಓದಬಹುದು. ಎಲ್ಲವನ್ನೂ ಪರೀಕ್ಷಿಸುವ ಅಗತ್ಯ ಇಲ್ಲ, ಎಡದಿಂದ ಬಲಕ್ಕೆ ಹೋಗುತ್ತ ಎಷ್ಟನೇ ಗಣದ ಎಷ್ಟನೇ ಮಾತ್ರೆಯಲ್ಲಿದ್ದೇವೆ ಎನ್ನುವುದಷ್ಟೇ ನೆನಪಿಟ್ಟುಕೊಂಡರೆ ಸಾಕು ಎಂದು ಕೊನೆ ವರ್ಷದ ಇಬ್ಬರು ತೋರಿಸಿದ್ದಾರೆ. ಉಳಿದಿರುವ ತೊಡಕು ಎರಡು ಓದೂ ಛಂದಸ್ಸಿಗೆ ಹೊಂದಿದಾಗ ಯಾವುದನ್ನು ಆರಿಸಬೇಕು ಎನ್ನುವುದು. ಕನ್ನಡದ ಮಾಸ್ತರರು, ‘ಅದನ್ನು ನನ್ನ ಹತ್ರ ಕೇಳಬೇಡಿ, ಹಾಡುವವರ ಹತ್ರ ಕೇಳಿ’ ಎಂದಿದ್ದಾರೆ. ಹಾಗಾಗಿ ಮುಂದಿನ ಸೆಮಿಸ್ಟರಿನ ಮೊದಲ ಉಪನ್ಯಾಸಕ್ಕೆ ಯಕ್ಷಗಾನದಲ್ಲಿ ಹಾಡುವ ಒಬ್ಬ ಭಾಗವತರನ್ನು ಕರೆದಿದ್ದೇವೆ. ನಲವತ್ತು ನಿಮಿಷದ ನಿಯಮ ಅವರಿಗೂ ಹೇಳಿದ್ದೇವೆ. ಆಟ ಬೆಳಗಿನ ತನಕ ಆಡಿಸಿ ರೂಢಿಯಾದವರು, ಒಪ್ಪಲು ಸ್ವಲ್ಪ ಚೌಕಾಶಿ ಮಾಡಿದರು.